ಗೆರೆ ದಾಟದ ಗಾಡಿ

ನನ್ನ ಭಾವಮೈದ ಕೊಂಡ ಹೊಸ ಕಾರಿಗೆ ಬುದ್ಧಿ ಜಾಸ್ತಿ. ಮುಂದಿನ ಗಾಜಿನ ಮೇಲ್ತುದಿಯಲ್ಲಿ, ಕನ್ನಡಿಯ ಹಿಂದೆ ಅವಿತು ಕೂತ ಒಂದು ಕ್ಯಾಮೆರಾ ರಸ್ತೆಯ ಬಿಳಿ, ಹಳದಿ ಗೆರೆಗಳನ್ನೇ ದಿಟ್ಟಿಸುತ್ತಿರುತ್ತದೆ. ವೇಗ 60 ದಾಟಿದ ಮೇಲೆ, ಇಂಡಿಕೇಟರ್ ಹಾಕದೆ ಗೆರೆಯತ್ತ ವಾಲಿದಿರೋ, ಸ್ಟೇರಿಂಗಿನ ಮೋಟಾರು ತಾನೇ ಗಾಡಿಯನ್ನು ಒಳಕ್ಕೆ ಎಳೆಯುತ್ತದೆ. ಜಪಾನಿನಲ್ಲಿ 2001ರ ನಿಸ್ಸಾನ್ ಸಿಮಾ ಕಾರಿನಲ್ಲೇ ಇಂಥದ್ದು ಬಂದಿತ್ತು. ಯೂರೋಪಿಯನ್ ಒಕ್ಕೂಟದಲ್ಲಂತೂ 2024ರ ಜುಲೈಯಿಂದ ಹೊಸದಾಗಿ ರಸ್ತೆಗಿಳಿಯುವ ಹೆಚ್ಚುಕಡಿಮೆ ಪ್ರತಿ ಕಾರಿಗೂ ಇದು ಕಡ್ಡಾಯ. ನೀವು ಆಫ್ ಮಾಡಿದರೂ ಮುಂದಿನ ಸಲ ಗಾಡಿ ಚಾಲೂ ಮಾಡಿದಾಗ ತಾನಾಗಿ ಎದ್ದು ಕೂರಬೇಕೆಂಬ ನಿಯಮ ಬೇರೆ. ಇರಲಿ, ಅವರ ರಸ್ತೆ ಅವರಿಗೆ.

ನಮ್ಮದು ನೆಲಮಂಗಲದಿಂದ ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಹೆದ್ದಾರಿ. ಗೆರೆ ಇದೆ, ಚೆನ್ನಾಗಿಯೇ ಇದೆ. ಆದರೆ ಬಲಗಡೆಯ ಲೇನು ಲಾರಿಗಳ ಪಿತ್ರಾರ್ಜಿತ ಆಸ್ತಿ. ಮೂರೂವರೆ ಮೀಟರ್ ಅಗಲದ ಆ ಪಟ್ಟಿಯಲ್ಲಿ ಒಬ್ಬ ಪುಣ್ಯಾತ್ಮ 40ರಲ್ಲಿ ಹೋಗುತ್ತಿರುತ್ತಾನೆ. ನಾವು ಅಭ್ಯಾಸಬಲದಿಂದ ಎಡಕ್ಕೆ ನುಸುಳಲು ಹೋದರೆ ಸ್ಟೇರಿಂಗು ಬಲಕ್ಕೆ ಜಗ್ಗುತ್ತದೆ, ಅಂದರೆ ಲಾರಿಯ ಹಿಂಭಾಗಕ್ಕೇ.

"ಯಾರೋ ಕೈ ಹಿಡ್ಕೊಂಡಂಗಾಗ್ತದೆ ಭಾವ," ಅಂದ ಭಾವಮೈದ.

"ಇಂಡಿಕೇಟರ್ ಹಾಕಪ್ಪ, ಬಿಡುತ್ತೆ," ಅಂದೆ.

ಹಾಕಿದ. ಗಾಡಿ ಬಿಟ್ಟಿತು, ಜನ ಬಿಡಲಿಲ್ಲ. ಎಡಕ್ಕೆ ಇಂಡಿಕೇಟರ್ ಕಂಡ ಕೂಡಲೇ ಹಿಂದಿನ ಟೆಂಪೋದವನು ನಾವು ಆ ಜಾಗಕ್ಕೆ ಹೋಗುವ ಮೊದಲೇ ಬಂದು ಸೇರಿಕೊಂಡ. ಬಲದ ಇಂಡಿಕೇಟರಿನ ಪಾಡು ಇನ್ನೂ ಸೊಗಸು. ನಮ್ಮ ಲಾರಿಯವರ ಶಾಸ್ತ್ರದಲ್ಲಿ ಅದಕ್ಕೆ 'ಬಾ ಮಾರಾಯ, ಮುಂದೆ ಹೋಗು' ಅಂತಲೂ ಅರ್ಥವಿದೆ. ನಾವು ಬಲಕ್ಕೆ ಹೋಗುತ್ತೇವೆ ಅಂದರೆ ಹಿಂದಿನವರು ಅದೇ ಬಲಕ್ಕೆ ನುಗ್ಗುತ್ತಾರೆ, ಹೋಗುವಾಗ ಥ್ಯಾಂಕ್ಸ್ ಎಂದು ಹಾರನ್ ಬೇರೆ ಹೊಡೆಯುತ್ತಾರೆ.

ಗುಂಡಿಯ ಕತೆ ಹೇಳುವುದೇ ಬೇಡ. ಗುಂಡಿ ಕಂಡರೆ ಯಾರು ತಾನೆ ಇಂಡಿಕೇಟರ್ ಹಾಕಿ ತಪ್ಪಿಸುತ್ತಾರೆ? ನಾವು ತಪ್ಪಿಸುತ್ತೇವೆ, ಅದು ತಿದ್ದುತ್ತದೆ, ಚಕ್ರ ಗುಂಡಿಗೆ ಇಳಿಯುತ್ತದೆ. ಗಾಡಿ ಮಾತ್ರ ಗೆರೆಯ ಒಳಗೇ ಇರುತ್ತದೆ, ಅದನ್ನು ಒಪ್ಪಬೇಕು.

ಇನ್ನು ಮರ್ಯಾದೆ ತೆಗೆಯುವ ಕೆಲಸ. ನೇರ ರಸ್ತೆಯಲ್ಲಿ ಸ್ಟೇರಿಂಗನ್ನು ಸ್ವಲ್ಪವೂ ಅಲ್ಲಾಡಿಸದೆ ಹಿಡಿದರೆ, ಕೈಯೇ ಇಲ್ಲವೆಂದುಕೊಂಡು ಅದು ಟುಂಯ್ ಟುಂಯ್ ಅನ್ನುತ್ತದೆ. ಹಿಡಿತ ಅದಕ್ಕೆ ಗೊತ್ತಾಗುವುದು ತಿರುಚುವ ಬಲದಿಂದಲಂತೆ. "ಹಿಡ್ಕೊಂಡೇ ಇದೀನಲ್ಲಪ್ಪಾ!" ಎಂದು ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಮನುಷ್ಯ ಡ್ಯಾಶ್‌ಬೋರ್ಡಿಗೆ ಸಮಜಾಯಿಷಿ ಕೊಡುವುದನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ. ಈಗ ಸುಮ್ಮಸುಮ್ಮನೆ ಆಗಾಗ ಒಂಚೂರು ಅಲ್ಲಾಡಿಸುತ್ತಾನೆ.

ಚನ್ನರಾಯಪಟ್ಟಣದಲ್ಲಿ ಹೆದ್ದಾರಿ ಬಿಟ್ಟು ಊರ ದಾರಿ ಹಿಡಿದರೆ ಗಾಡಿಯ ಪಾಂಡಿತ್ಯವೆಲ್ಲ ಮಣ್ಣುಪಾಲು. ಡಿಸೆಂಬರ್ ತಿಂಗಳು, ರಾಗಿ ಕಟಾವಿನ ಕಾಲ. ಪೊಲೀಸರು ಎಷ್ಟು ಬೈದರೂ ಡಾಂಬರು ರಸ್ತೆಯೇ ಕಣ. ಹೋಗಿಬರುವ ಗಾಡಿಗಳೇ ರೋಣಗಲ್ಲು. ಹುರುಳಿ, ರಾಗಿ ಹುಲ್ಲು ಹಾಸಿದ ಕಡೆ ಗೆರೆ ಮಾಯ, ಮುಗಿದ ಕಡೆ ಮತ್ತೆ ಪ್ರತ್ಯಕ್ಷ. ಅದೂ ಹೇಗೆ? ಗುಡ್ಡೆ ಹಾಕಿದ ರಾಗಿಯನ್ನು ಬಳಸಿಕೊಂಡು ನಾವು ರಸ್ತೆಯ ನಟ್ಟನಡುವೆ ಬಂದಿರುವ ಹೊತ್ತಿಗೆ ಸರಿಯಾಗಿ. ಖಾಲಿ ರಸ್ತೆ ನೋಡಿ ಭಾವಮೈದ 60 ದಾಟಿಸಿದ್ದ. ಗೆರೆ ಕಂಡದ್ದೇ ತಡ, ಮೈಮೇಲೆ ದೇವರು ಬಂದವರ ಹಾಗೆ ಸ್ಟೇರಿಂಗು ಗಡಗಡ ನಡುಗಿ, ತಾನಾಗಿ ಎಡಕ್ಕೆ ತಿರುಗಿತು.

ಹಿಂದಿನ ಸೀಟಿನಲ್ಲಿದ್ದ ನಮ್ಮತ್ತೆ ಇದನ್ನು ಕಣ್ಣಾರೆ ಕಂಡರು.

"ಗಾಡಿ ಮ್ಯಾಲೆ ಏನೋ ಬಂದೈತೆ ಕಣ್ಲಾ."

"ಇಲ್ಲ ಕಣವ್ವ, ಅದು ಕಂಪ್ಯೂಟರು."

"ಏನಾರ ಆಗ್ಲಿ, ಬಂದೈತೆ."

ಊರು ಮುಟ್ಟಿದ್ದೇ ದೇವಸ್ಥಾನದ ಮುಂದೆ ಗಾಡಿ ನಿಂತಿತು. ಅರ್ಚಕರು ತೆಂಗಿನಕಾಯಿ ಒಡೆದು, ಚಕ್ರಗಳಡಿ ನಿಂಬೆಹಣ್ಣಿಟ್ಟರು. ವಿಭೂತಿಯ ಕೆಲಸ ಅತ್ತೆ ಯಾರಿಗೂ ಬಿಡಲಿಲ್ಲ. ನೀರಲ್ಲಿ ಗಟ್ಟಿಯಾಗಿ ಕಲೆಸಿ, ಸ್ಟೂಲು ಹತ್ತಿ, ಮುಂದಿನ ಗಾಜಿನ ಮೇಲ್ತುದಿಯ ನಟ್ಟನಡುವೆ, ಸರಿಯಾಗಿ ಕನ್ನಡಿಯ ಎದುರಿಗೆ ಅಡ್ಡಡ್ಡ ಮೂರು ಪಟ್ಟೆ ಎಳೆದರು. ನಡುವೆ ಕುಂಕುಮ. ಜೀವಮಾನವಿಡೀ ಗೆರೆ ಹುಡುಕುವ ಕಣ್ಣಿಗೆ ಅಷ್ಟು ಹತ್ತಿರದಿಂದ ಮೂರು ಗೆರೆ ಒಟ್ಟಿಗೆ ಸಿಕ್ಕಿದ್ದು ಅದೇ ಮೊದಲಿರಬೇಕು.

ವಾಪಸು ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು: ಕ್ಯಾಮೆರಾಗೆ ಏನೋ ಅಡ್ಡ ಬಂದಿದೆ, ಶುಚಿಮಾಡಿ. ಭಾವಮೈದ ವೈಪರಿಗೆ ಕೈ ಹಾಕಿದ.

"ಇಬೂತಿ ಮುಟ್ಟಿದ್ರೆ ನೋಡು!"

ಕೈ ಹಿಂದಕ್ಕೆ ಬಂತು. ಬೆಂಗಳೂರಿನವರೆಗೂ ಸ್ಟೇರಿಂಗು ಜಗ್ಗಲಿಲ್ಲ, ನಡುಗಲಿಲ್ಲ, ಟುಂಯ್ ಅನ್ನಲಿಲ್ಲ. ಗುಂಡಿಗಳೆಲ್ಲ ತಪ್ಪಿದವು. ಯಶವಂತಪುರದ ಸಿಗ್ನಲ್ಲಿನಲ್ಲಿ ಅತ್ತೆ ಮುಂದಕ್ಕೆ ಬಾಗಿ, "ಈಗೇನಂತೀರಿ ಅಳಿಯಂದಿರೆ?" ಅಂದರು. ಕ್ಯಾಮೆರಾ, ಮೋಟಾರು ಎಂದು ವಿವರಿಸಲು ಬಾಯಿ ತೆರೆದವನು, ನೀವು ಹೇಳಿದ್ದೇ ಸರಿ ಅಂದೆ. ಹೊಸ ಕಾರು ಕೊಳ್ಳಲು ಹೊರಟಿರುವ ನನ್ನ ಷಡ್ಡಕನಿಗೂ ಅರ್ಧ ಉಂಡೆ ವಿಭೂತಿ ಎತ್ತಿಟ್ಟಿದ್ದಾರಂತೆ.