ಸಮುದ್ರದ ಟೈಮು ಗೊತ್ತು, ಕಾವೇರಿಯ ಟೈಮು ಯಾರು ಹೇಳ್ತಾರೆ?

ನಾನು ಶ್ರೀರಂಗಪಟ್ಟಣದವನು. ಈಗ ಇರುವುದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಇಲ್ಲಿಂದ ಉತ್ತರಕ್ಕೆ ಹೋದರೆ ಲಿಂಡಿಸ್‌ಫಾರ್ನ್ ಅನ್ನೋ ದ್ವೀಪ ಸಿಗುತ್ತದೆ. ನಮ್ಮ ಪಟ್ಟಣವೂ ದ್ವೀಪವೇ, ಆದರೆ ಇಲ್ಲಿಯದು ಬೇರೆ ತರ. ದಿನಕ್ಕೆ ಎರಡು ಸಲ ಸಮುದ್ರ ಹಿಂದೆ ಸರಿಯುತ್ತದೆ, ಆಗ ಮರಳಿನ ಮೇಲೆ ನಡೆದೇ ಹೋಗಬಹುದು. ಸುಮಾರು ಐದು ಕಿಲೋಮೀಟರ್. ನೀರು ತಿರುಗಿ ಬಂದರೆ ದಾರಿಯೇ ಇರುವುದಿಲ್ಲ.

ಮೊದಲ ಸಲ ಹೋದಾಗ ನನಗೆ ದ್ವೀಪಕ್ಕಿಂತ ದಾರಿಯೇ ಜಾಸ್ತಿ ಹಿಡಿಸಿತು. ಉದ್ದಕ್ಕೂ ಮರದ ಕಂಬಗಳ ಸಾಲು. ನಡುವೆ ಅಲ್ಲಲ್ಲಿ ಎತ್ತರದ ಕಾಲುಗಳ ಮೇಲೆ ಪುಟ್ಟ ಗೂಡು, ಏಣಿ ಸಮೇತ. ಥೇಟ್ ನಮ್ಮ ಕಡೆ ರಾಗಿ ಹೊಲ ಕಾಯುವ ಅಟ್ಟಣೆ. ನೀರಿಗೆ ಸಿಕ್ಕಿಕೊಂಡವರು ಹತ್ತಿ ಕೂರಲಿ ಅಂತ.

ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೇರುತ್ತದೆ. ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಪಟ್ಟಿ ಕೊಡುತ್ತಾರೆ. ಆದರೆ ಆ ಪಟ್ಟಿ ಕಾರಿನ ರಸ್ತೆಗೆ, ಮರಳಲ್ಲಿ ನಡೆಯುವವರಿಗಲ್ಲ. ನಡೆಯುವವರು ನೀರು ಇಳಿಯುತ್ತಿರುವಾಗಲೇ ಹೊರಟು, ಪೂರ್ತಿ ಇಳಿಯುವ ಹೊತ್ತಿಗೆ ಆಚೆ ದಡ ಸೇರಬೇಕು. ಏಕೆಂದರೆ ಕಾಲಡಿಯ ಮರಳು ಒಣಗಿದಂತೆ ಕಂಡರೂ ತಗ್ಗುಗಳಿಗೆ ನೀರು ಮೊದಲು ನುಗ್ಗುತ್ತದೆ. ಹಿಂದಿನ ದಾರಿ ಮುಚ್ಚಿದ್ದು ಗೊತ್ತೇ ಆಗುವುದಿಲ್ಲ.

ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ನಮ್ಮೂರ ಹತ್ತಿರ ಕಾವೇರಿಯ ಮೇಲಿರುವ ಬಲಮುರಿ. ಹೈಸ್ಕೂಲಿನಲ್ಲಿದ್ದಾಗ ಗೆಳೆಯರ ಜೊತೆ ನೀರಿನ ನಡುವಿನ ಬಂಡೆಯ ಮೇಲೆ ಕೂತಿದ್ದೆ. ಆಕಾಶದಲ್ಲಿ ಒಂದು ಮೋಡವಿಲ್ಲ. ಪಾದ ಮುಟ್ಟುತ್ತಿದ್ದ ನೀರು ಮೊಣಕಾಲಿಗೆ ಬಂತು. ದಡದಿಂದ ಹರಿಗೋಲಿನ ಅಜ್ಜ ಕೂಗಿದರು, "ನೀರು ಬತ್ತಾ ಐತೆ, ಎದ್ದು ಬನ್ರೋ!" ಅವರು ನೋಡಿದ್ದು ಬಣ್ಣ. ತಿಳಿನೀರು ಕೆಂಪಗಾಗಿತ್ತು, ಕಸಕಡ್ಡಿ, ನೊರೆ ತೇಲಿ ಬರುತ್ತಿತ್ತು. ಅವರು ಇಲ್ಲದಿದ್ದರೆ? ಇವತ್ತಿಗೂ ಆ ಯೋಚನೆ ಬಂದರೆ ಎದೆ ಝಲ್ಲೆನ್ನುತ್ತದೆ.

ಸಮುದ್ರ ಚಂದ್ರನ ಮಾತು ಕೇಳುತ್ತದೆ. ಕಾವೇರಿ ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ, ಗೇಟಿನ ಮಾತು ಕೇಳುತ್ತಾಳೆ. ಕೊಡಗಿನಲ್ಲಿ ಮಳೆ ಸುರಿದು ಕಟ್ಟೆ ತನ್ನ ಪೂರ್ತಿ ಮಟ್ಟವಾದ 124.80 ಅಡಿ ಮುಟ್ಟುತ್ತಿದ್ದರೆ ಬಂದ ನೀರನ್ನು ಬಿಡಲೇಬೇಕು. ಅದು ಪಂಚಾಂಗದಲ್ಲಿ ಸಿಗುವ ಹೊತ್ತಲ್ಲ. ಹಾಗಾಗಿ ಮುನ್ಸೂಚನೆ ಲಿಂಡಿಸ್‌ಫಾರ್ನ್‌ನವರಿಗಿಂತ ನಮಗೇ ಜಾಸ್ತಿ ಬೇಕು, ಅಲ್ವಾ? ಸುಮ್ನೆ 'ಅಪಾಯ' ಅಂತ ಬೋರ್ಡ್ ಹಾಕಿದರೆ ಸಾಲದು. ಇಷ್ಟು ದಾಟಿದರೆ ಯಾರೂ ಇಳಿಯಬಾರದು ಅಂತ ಕೆಂಪು ಗೆರೆ ಬಳಿದ ಕಂಬ ನೆಡಬೇಕು. ನೀರಿನ ಬಣ್ಣ ಓದುವುದನ್ನು ಆ ಅಜ್ಜನಂಥವರಿಂದ ಮಕ್ಕಳಿಗೆ ಕಲಿಸಬೇಕು.

ಮಳೆಗಾಲದಲ್ಲಿ ಫೋನ್ ಮಾಡಿದರೆ ಅಪ್ಪ ನನ್ನ ಆರೋಗ್ಯ ಕೇಳುವ ಮೊದಲೇ ಕಟ್ಟೆ ಎಷ್ಟಡಿ ಆಯ್ತು ಅಂತ ಹೇಳುತ್ತಾರೆ. ಊರಿಗೆಲ್ಲ ಆ ಲೆಕ್ಕ ಬಾಯಿಪಾಠ. ಇವತ್ತು ಎಷ್ಟು ಬಿಡುತ್ತಾರೆ, ಅದು ಬಲಮುರಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಅದನ್ನೂ ನೀರಿಗೆ ಇಳಿಯುವ ಜಾಗದಲ್ಲೇ ದಪ್ಪ ಅಕ್ಷರದಲ್ಲಿ ಬರೆದು ಹಾಕಿ.