ಕಂಡವರೇ ಒರೆಸಬೇಕು

ನಮ್ಮ ಮನೆಯಲ್ಲಿ ಈಗ ಯಾರಿಗೂ ಸರಿಯಾಗಿ ಕಣ್ಣು ಕಾಣಿಸುವುದಿಲ್ಲ. ಕಾರಣ ಗುಂಡ, ಎರಡೂವರೆ ತಿಂಗಳ ನಾಯಿಮರಿ. ಅವನು ಬಂದ ದಿನವೇ ನನ್ನ ಹೆಂಡತಿ ಒಂದು ಕಾನೂನು ಮಾಡಿದಳು. "ಉಚ್ಚೆ ಯಾರ ಕಣ್ಣಿಗೆ ಮೊದಲು ಬೀಳತ್ತೋ ಅವರೇ ಒರೆಸಬೇಕು." ನ್ಯಾಯವಾದ ಮಾತು, ಅಲ್ವಾ? ಅಂದಿನಿಂದ ಮಗಳು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೇ ಹಾಲ್ ದಾಟುತ್ತಾಳೆ. ಅಮ್ಮ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಾರೆ. ನಾನು ಮೊಬೈಲ್ ನೋಡುತ್ತಾ, ಒದ್ದೆಯಾದ ಜಾಗವನ್ನು ಮಾತ್ರ ಸರಿಯಾಗಿ ತಪ್ಪಿಸಿಕೊಂಡು ಹೋಗುತ್ತೇನೆ. ಕಾಣದೇ ಇದ್ದವನು ಹೇಗೆ ತಪ್ಪಿಸಿಕೊಂಡು ಹೋದ ಎಂಬ ಪ್ರಶ್ನೆ ಹೆಂಡತಿಗೆ ಇನ್ನೂ ಹೊಳೆದಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ಆಮೇಲೆ ಕಾನೂನಿಗೆ ತಿದ್ದುಪಡಿ ಬಂತು: ತುಳಿದವರೂ ಒರೆಸಬೇಕು. ಇದು ಸ್ವಲ್ಪ ಕ್ರೂರ. ಸಾಕ್ಸ್ ಹಾಕಿದ ಕಾಲು ತಣ್ಣಗಾದಾಗ, ಇದು ನೀರೇ ಇರಬಹುದು ಎಂದು ಮನಸ್ಸು ಕೊನೆಯವರೆಗೂ ವಾದ ಮಾಡುತ್ತದೆ.

ಗುಂಡನ ಆಯ್ಕೆಯೋ! ಇಷ್ಟುದ್ದ ಬರಿ ನೆಲ ಬಿದ್ದಿದ್ದರೂ ಅವನಿಗೆ ಕಾಲೊರೆಸು, ಜಮಖಾನ, ಹಾಸಿಗೆಯೇ ಬೇಕು. ಮೆತ್ತಗಿರುವುದು ಹೀರಿಕೊಳ್ಳುತ್ತದೆ, ಕಾಲಿಗೆ ಸಿಡಿಯುವುದಿಲ್ಲ. ಬುದ್ಧಿವಂತ. ಪೇಪರ್ ಹಾಸಿದೆವು. ಮುಂಗಾಲು ಎರಡೂ ಪೇಪರ್ ಮೇಲೆ, ಉಳಿದ ವ್ಯವಹಾರವೆಲ್ಲ ಹೊರಗೆ. ಅವನ ಲೆಕ್ಕದಲ್ಲಿ ಪೇಪರ್ ಮೇಲೇ ಮಾಡಿದ ಹಾಗಾಯಿತು.

ಡಾಕ್ಟರ್ ನಕ್ಕರು. "ಈ ವಯಸ್ಸಿಗೆ ತಡ್ಕೊಳ್ಳೋ ಶಕ್ತಿ ಎಲ್ಲಿರತ್ತೆ? ಎಷ್ಟು ತಿಂಗಳೋ ಅಷ್ಟು ಗಂಟೆ, ಹೆಚ್ಚಂದ್ರೆ ಇನ್ನೊಂದು ಗಂಟೆ. ಆಟ ಆಡುವಾಗ ಅದೂ ಇಲ್ಲ. ನಿದ್ದೆಯಿಂದ ಎದ್ದ ತಕ್ಷಣ, ಊಟ ಆದಮೇಲೆ, ಆಟ ಆದಮೇಲೆ ಹೊರಗೆ ಕರ್ಕೊಂಡು ಹೋಗಿ. ನೆಲ ಮೂಸ್ತಾ ಸುತ್ತು ಹಾಕಿದರೆ ಎತ್ಕೊಂಡು ಓಡಿ." ಹನಿಹನಿಯಾಗಿ ಪದೇ ಪದೇ ಹೋಗುತ್ತಿದ್ದರೆ, ತಿಣುಕುತ್ತಿದ್ದರೆ ಮಾತ್ರ ಸೋಂಕಿರಬಹುದು, ಕರೆತನ್ನಿ ಎಂದರು.

ಮೂಗು ಹಿಡಿದು ಉಚ್ಚೆಗೆ ಉಜ್ಜಿದರೆ ಬುದ್ಧಿ ಬರುತ್ತದೆ ಎಂಬ ಅಮ್ಮನ ಹಳೇ ಮದ್ದನ್ನೂ ಅವರು ಬೇಡವೆಂದರು. ಯಾಕೆ ಬೈಸಿಕೊಂಡೆ ಎಂದು ಮರಿಗೆ ತಿಳಿಯುವುದೇ ಇಲ್ಲವಂತೆ. ಜನರ ಎದುರು ಮಾಡಬಾರದು ಎಂದಷ್ಟೇ ಕಲಿತು, ಸೋಫಾ ಹಿಂದೆ ಹೋಗಿ ಮಾಡುತ್ತದಂತೆ. ನಮ್ಮ ಕಾನೂನಿನ ಪ್ರಕಾರ ನೋಡಿದರೆ ಅದೇ ಒಳ್ಳೆಯದಿತ್ತು. ಆದರೆ ಮೂಗು ಬಿಡಬೇಕಲ್ಲ!

ಮೂಗಿನ ವಿಷಯಕ್ಕೆ ಬಂದರೆ, ನಾವು ಘಮಘಮ ಒರೆಸಿ ಗೆದ್ದೆವು ಎಂದುಕೊಳ್ಳುತ್ತೇವೆ. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 10 ಕೋಟಿಗೂ ಜಾಸ್ತಿ. ನಮ್ಮ ಘಮಘಮದ ಅಡಿಯಲ್ಲಿ ತನ್ನ ಹಳೇ ವಿಳಾಸವನ್ನು ಅದು ಆರಾಮಾಗಿ ಓದಿಕೊಳ್ಳುತ್ತದೆ. ಅಮೋನಿಯಾ ಇರುವ ದ್ರಾವಣವಂತೂ ಉಚ್ಚೆಯಂತೆಯೇ ನಾರುತ್ತದೆ, "ಇಲ್ಲೇ ಮಾಡಪ್ಪಾ" ಎಂದು ಬೋರ್ಡ್ ಹಾಕಿದಂತೆ. ಉಚ್ಚೆಯನ್ನೇ ಒಡೆದು ಹಾಕುವ ಎಂಜೈಮ್ ದ್ರಾವಣ ತಂದ ಮೇಲೆ ಜಮಖಾನಕ್ಕೆ ಸ್ವಲ್ಪ ಬಿಡುವು ಸಿಕ್ಕಿದೆ.

ನೆಂಟರದ್ದು ಬೇರೆ ಕಥೆ. ಮಾವ ಬಂದವರೇ ಗುಂಡನನ್ನು ಎತ್ತಿಕೊಂಡು, "ನೋಡ್ರೋ, ನನ್ನ ಕಂಡ್ರೆ ಎಷ್ಟು ಪ್ರೀತಿ!" ಎಂದರು. ನಿಜ. ಪ್ರೀತಿ ಅಂಗಿಯ ಮೇಲಿಂದ ಇಳಿದು ಪ್ಯಾಂಟ್ ತಲುಪಿತು. ಖುಷಿ ಉಕ್ಕಿದರೂ ಮರಿಗಳಿಗೆ ಹಿಡಿತ ತಪ್ಪುತ್ತದೆ. ಅದಕ್ಕೆ ಈಗ ಬಾಗಿಲಲ್ಲೇ ಹೇಳಿಬಿಡುತ್ತೇವೆ: "ಮೊದಲು ಅವನನ್ನು ಮಾತಾಡಿಸಬೇಡಿ, ನೋಡಲೂ ಬೇಡಿ." ಗುಂಡ ಯಾರೋ ದೊಡ್ಡ ಸಾಹೇಬರು ಎಂದುಕೊಂಡು ಪಾಪ ನೆಂಟರು ಪಿಸುಮಾತಲ್ಲೇ ಒಳಗೆ ಬರುತ್ತಾರೆ.

ಹೊರಗೆ ಮಾಡಿದರೆ ಅಲ್ಲೇ, ಆ ಕ್ಷಣವೇ ಹೊಗಳಬೇಕು ಎಂಬುದು ಡಾಕ್ಟರ ಇನ್ನೊಂದು ಸಲಹೆ. ಹಾಗಾಗಿ ನಡುರಾತ್ರಿ ಅಂಗಳದಲ್ಲಿ ಇಡೀ ಸಂಸಾರ ಒಂದು ನಾಯಿಮರಿಯ ಹಿಂಭಾಗವನ್ನೇ ನೋಡುತ್ತಾ ನಿಂತಿರುತ್ತದೆ. ಎಲೆ ಮೂಸಿ, ಕಲ್ಲು ಮೂಸಿ, ನನ್ನ ಚಪ್ಪಲಿ ಕಚ್ಚಿ, ನಿನ್ನೆ ಗುಂಡ ಕೊನೆಗೂ ಕುಕ್ಕರಿಸಿದ. ತಡೆಯಲಾರದೆ ಅಮ್ಮ, "ಶಭಾಷ್ ಮಗನೇ!" ಎಂದು ಚಪ್ಪಾಳೆ ತಟ್ಟಿದರು. ಹೊಗಳಿಕೆ ಕೇಳಿದ್ದೇ ಅವನು ಅರ್ಧಕ್ಕೇ ನಿಲ್ಲಿಸಿ, ಬಾಲ ಆಡಿಸುತ್ತಾ ಎಲ್ಲರನ್ನೂ ಒಂದು ಸುತ್ತು ನೆಕ್ಕಿ ಮನೆಯೊಳಗೆ ಓಡಿದ. ಉಳಿದರ್ಧ ಮುಗಿಸಲು.