ಪಹಣಿಯಲ್ಲಿ ಹೆಸರಿಲ್ಲದವರ ಬೆಳೆ ನಷ್ಟ

2025ರ ಅಕ್ಟೋಬರ್. ಭೀಮಾ ನದಿಯ ನೀರು ಇಳಿದು ಕೆಲವು ದಿನ ಆಗಿತ್ತು. ಕಲಬುರಗಿ ಜಿಲ್ಲೆಯ ಒಂದು ಹೊಲದಲ್ಲಿ ಬೆಳೆ ಸರ್ವೆ ನಡೆಯುವಾಗ ನಾನೂ ಬದುವಿನ ಮೇಲೆ ನಿಂತಿದ್ದೆ. ತೊಗರಿ ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದಿದ್ದವು. ಹೆಣ್ಣುಮಗಳೊಬ್ಬರು ಒಂದು ಗಿಡ ಕಿತ್ತು ತೋರಿಸಿದರು. ಎಳೆಯಬೇಕಾಗಲೇ ಇಲ್ಲ, ಹಿಡಿದ ಕೂಡಲೇ ಬಂತು. ಬೇರು ಕಪ್ಪಗೆ ಕೊಳೆತಿತ್ತು.

"ನನ್ನ ಹೆಸರ ಬರ್ಕೋರಿ ಸರ" ಅಂದರು.

ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದ ಹುಡುಗ ತಲೆ ಎತ್ತಿ, "ಪಹಣ್ಯಾಗ ನಿಮ್ಮ ಹೆಸರ ಇಲ್ಲಲ್ರೀ ಯಕ್ಕಾ" ಅಂದ. ಹುಡುಗನದು ತಪ್ಪಿಲ್ಲ. ಹೊಲ ಲಾವಣಿದು, ಅಂದರೆ ಗೇಣಿಗೆ ಹಿಡಿದದ್ದು. ಬೀಜ, ಗೊಬ್ಬರ, ಆಳು, ಸಾಲ ಎಲ್ಲ ಈ ಅಕ್ಕನದು. ಪರಿಹಾರದ ದುಡ್ಡು ಮಾತ್ರ ಹೊಲದ ಮಾಲೀಕರ ಖಾತೆಗೆ.

ನಾವು ಬೆಳೆ ಪರಿಹಾರ ಅಂತ ಕರೆಯುವ ಈ ಹಣಕ್ಕೆ ಕೇಂದ್ರದ ಎಸ್‌ಡಿಆರ್‌ಎಫ್-ಎನ್‌ಡಿಆರ್‌ಎಫ್ (ರಾಜ್ಯ, ರಾಷ್ಟ್ರೀಯ ವಿಪತ್ತು ನಿಧಿಗಳ) ಮಾರ್ಗಸೂಚಿಯಲ್ಲಿ ಇರುವ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ಹೋದ ಬೆಳೆಯ ಬೆಲೆ ಕಟ್ಟಿಕೊಡುವುದಲ್ಲ, ಮತ್ತೆ ಬಿತ್ತುವುದಕ್ಕೆ ಕೈಗೆ ಒಂದಿಷ್ಟು ದುಡ್ಡು. ಸರಿ, ಹಾಗೇ ಇರಲಿ. ಹಾಗಾದರೆ ಅದು ಬಿತ್ತುವವರ ಕೈಗೆ, ಬಿತ್ತುವ ಹೊತ್ತಿಗೆ ಬರಬೇಕು ಅಲ್ವಾ?

2023ರ ಬರ ನೆನಪಿಸಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ರಾಜ್ಯ ಬರ ಘೋಷಿಸಿತು. ಕೊನೆಗೆ 223 ತಾಲ್ಲೂಕು ಆ ಪಟ್ಟಿಗೆ ಸೇರಿದವು. ಮನವಿ ಹೋಯಿತು, ಕೇಂದ್ರದ ತಂಡ ಬಂದು ನೋಡಿಕೊಂಡು ಹೋಯಿತು. ಆಮೇಲೆ ಉಪಸಮಿತಿ, ಅದರ ಮೇಲೆ ಗೃಹ ಸಚಿವರ ಉನ್ನತ ಸಮಿತಿ. ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ರೂಪಾಯಿ ಬಂತು. ಅಷ್ಟರಲ್ಲಿ ಹಿಂಗಾರಿಯೇ ಮುಗಿದುಹೋಗಿತ್ತು. ಯಾವ ಪಕ್ಷ ತಪ್ಪು ಮಾಡಿತು ಅನ್ನುವ ಜಗಳ ನನಗೆ ಬೇಡ. ನಿಯಮವೇ ಇಷ್ಟು ಉದ್ದ ಇದ್ದರೆ ಯಾರು ಕೂತರೂ ತಡವೇ ಆಗುತ್ತದೆ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. ಎಲ್ಲಿ ಎಷ್ಟು ಮಳೆ ಬಿತ್ತು ಅನ್ನುವುದು ಅವತ್ತವತ್ತೇ ಗೊತ್ತಾಗುತ್ತದೆ. ಆ ಲೆಕ್ಕ ಇಟ್ಟುಕೊಂಡು ಅರ್ಧ ಹಣ ಮೊದಲೇ ಕೊಡಲಿ. ಉಳಿದದ್ದು ಸರ್ವೆ ಆದ ಮೇಲೆ ಕೊಟ್ಟರಾಯಿತು.

ಮೊತ್ತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2022ರಲ್ಲಿ ಪರಿಷ್ಕರಿಸಿದ ದರದಲ್ಲಿ ಮಳೆ ಆಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಎಕರೆ ಲೆಕ್ಕದಲ್ಲಿ ಮೂರೂವರೆ ಸಾವಿರವೂ ಆಗುವುದಿಲ್ಲ. 2025ರ ನೆರೆಯಲ್ಲಿ ರಾಜ್ಯ ಸರ್ಕಾರ ತಾನಾಗಿ ಇನ್ನೂ 8,500 ಸೇರಿಸಿತು. ದರ ಸಾಲದು ಅನ್ನುವುದಕ್ಕೆ ಬೇರೆ ಸಾಕ್ಷಿ ಯಾಕೆ? ಗೊಬ್ಬರ, ಬೀಜ, ಕೂಲಿ ಏರಿದಂತೆ ವರ್ಷವರ್ಷ ದರವೂ ಏರಬೇಕು.

ಆದರೆ ದರ ಎಷ್ಟೇ ಏರಿದರೂ ಆ ಅಕ್ಕನಿಗೆ ಏನೂ ಸಿಗುವುದಿಲ್ಲ. ನನಗೆ ನಿದ್ದೆ ಕೆಡಿಸಿದ್ದು ಇದು. 1974ರ ತಿದ್ದುಪಡಿಯಿಂದ ಭೂಸುಧಾರಣೆ ಕಾಯ್ದೆಯಲ್ಲಿ ಗೇಣಿ ರದ್ದಾಯಿತು. ಎಷ್ಟೋ ಗೇಣಿದಾರರಿಗೆ ಸ್ವಂತ ಭೂಮಿ ಸಿಕ್ಕಿತು, ಅದು ದೊಡ್ಡ ಕೆಲಸವೇ. ಆದರೆ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದದಲ್ಲಿ ಬರೆದುಕೊಟ್ಟರೆ ಹೊಲವೇ ಕೈಬಿಟ್ಟೀತು ಅಂತ ಮಾಲೀಕರಿಗೆ ಭಯ. ಬಾಯಿಮಾತನ್ನು ಸರ್ವೆ ಆ್ಯಪ್ ಕೇಳಿಸಿಕೊಳ್ಳುವುದಿಲ್ಲ.

ಆಂಧ್ರಪ್ರದೇಶ 2019ರಲ್ಲಿ ಕಾನೂನು ಮಾಡಿ ಗೇಣಿ ರೈತರಿಗೆ 11 ತಿಂಗಳ ಕಾರ್ಡ್ ಕೊಡಲು ಹೊರಟಿತು. ಅದಕ್ಕೂ ಮಾಲೀಕರ ಸಹಿ ಬೇಕಿತ್ತು. ಅದೇ ಭಯ ಇರುವಾಗ ಸಹಿ ಯಾರು ಹಾಕುತ್ತಾರೆ? ಅದಕ್ಕೇ ನಾನು ಹೇಳುವುದು, ಸಹಿ ಕೇಳಬೇಡಿ. ಬೆಳೆ ಸಮೀಕ್ಷೆಯಲ್ಲಿ ಮಾಲೀಕರ ಹೆಸರಿನ ಕೆಳಗೆ 'ಈ ಸಲ ಬೆಳೆದವರು' ಅಂತ ಇನ್ನೊಂದು ಸಾಲು ಇರಲಿ. ಅಕ್ಕಪಕ್ಕದ ಇಬ್ಬರು ರೈತರು ಹೌದು ಅಂದರೆ ಸಾಕು. ಆ ಸಾಲಿನಿಂದ ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಅಂತ ನಿಯಮದಲ್ಲೇ ಸ್ಪಷ್ಟವಾಗಿ ಬರೆಯಿರಿ. ಇನ್‌ಪುಟ್ ಸಬ್ಸಿಡಿ ಆ ಹೆಸರಿಗೆ ಹೋಗಲಿ.

ಅವತ್ತು ಆ ಅಕ್ಕ ಹುಡುಗನ ಜೊತೆ ಜಗಳ ಮಾಡಲಿಲ್ಲ. ಕಿತ್ತ ಗಿಡವನ್ನು ಬದುವಿಗೆ ಒರಗಿಸಿ ಇಟ್ಟು, "ಕಡ್ಲಿ ಬಿತ್ತಾಕ ಇನ್ನಾ ಹದಿನೈದ ದಿನ ಐತಿ, ಯಾರ ಕಡೀ ಕೇಳ್ಲಿ?" ಅಂತ ನನ್ನನ್ನು ಕೇಳಿದರು.